ನಾನು ತಿದ್ದಿದ ನೋಟುಬುಕ್ಕು

ಹುಕ್ಕೇರಿಯ ಕಾಲೇಜೊಂದರಿಂದ ಇಬ್ಬರು ಅಧ್ಯಾಪಕರು ಹೋದ ವಾರ ಗೋಕಾಕದ ನಮ್ಮ ಮನೆಗೆ ಬಂದಿದ್ದರು. ವಿದ್ಯಾರ್ಥಿಗಳ ಮನಸ್ಸಿನ ಒತ್ತಡಕ್ಕೆ ಕಾರಣಗಳೇನು ಎಂಬುದರ ಮೇಲೆ ನಾನು ನಾಲ್ಕು ಮಾತಾಡಿ ಆಶೀರ್ವದಿಸಬೇಕಂತೆ. "ನಿಮ್ಮಂಥ ಹಿರ್ಯಾರು ಹೇಳಿದ್ರ ಹುಡುಗರು ಕೇಳ್ತಾರ್ರಿ" ಎಂದರು. ವಯಸ್ಸಿನ ನೆಪ ಹೇಳಿ ಕೈಮುಗಿದೆ. ಅಂಥ ಕಾರಣಗಳಲ್ಲಿ ನಾನೂ ಒಬ್ಬನೆಂಬುದನ್ನು ಅವರಿಗೆ ಹೇಳಲಾಗಲಿಲ್ಲ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತು, ಮುಂದೆ ಪ್ರೌಢಶಾಲೆಯಲ್ಲಿ ಕನ್ನಡ, ಸಂಸ್ಕೃತ ಕಲಿಸಿದವನು ನಾನು. ಮೂಡಲಗಿಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿರುವ ಹಳೆಯ ಶಿಷ್ಯನೊಬ್ಬ ಮಗಳನ್ನು ಕನ್ನಡ ಶಾಲೆಗೆ ಹಾಕಲೋ ಇಂಗ್ಲಿಷ್ ಶಾಲೆಗೋ ಎಂದು ಕೇಳಿದಾಗ, "ತಾಯಿಭಾಷಾ ಬಿಟ್ಟು ಕಲಿತ ವಿದ್ಯಾ ಎರವಲ ಅಂಗಿ ಇದ್ದಾಂಗ" ಎಂದಿದ್ದೆ. ಅವನು ನನ್ನ ಮಾತು ಮೀರಲಿಲ್ಲ. ಹುಡುಗಿ ಕನ್ನಡದಲ್ಲೇ ಹತ್ತನೆಯ ತರಗತಿ ಮುಗಿಸಿ ಊರಿಗೆ ಮೊದಲಿಗಳಾದಳು. ಪಿಯುಸಿಯನ್ನು ಹೇಗೋ ದಾಟಿದಳು. ಬಿಎಸ್ಸಿಗೆಂದು ಗೋಕಾಕಕ್ಕೆ ಬಂದಳು. ಅಲ್ಲಿ ಸಕಲವೂ ಇಂಗ್ಲಿಷು.

ತರಗತಿ ಮುಗಿದು ಮೂಡಲಗಿಯ ಬಸ್ಸು ಬರುವವರೆಗೆ ಅವಳು ನಮ್ಮ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದಳು. ಒಂದು ಸಂಜೆ ಅವಳ ಜೀವಶಾಸ್ತ್ರದ ನೋಟುಬುಕ್ಕು ತೆರೆದು ನೋಡಿದೆ. ಪುಟದ ತುಂಬ ಮುದ್ದಾದ ಕನ್ನಡ ಅಕ್ಷರಗಳು. ಓದಿದರೆ ಒಂದು ಪದವೂ ಕನ್ನಡವಲ್ಲ. 'ದ ಸೆಲ್ ಈಜ್ ದ ಬೇಸಿಕ್ ಯೂನಿಟ್' ಎಂದು ಇಂಗ್ಲಿಷಿನ ಸಾಲುಗಳನ್ನೇ ಕನ್ನಡ ಲಿಪಿಯಲ್ಲಿ ಇಳಿಸಿದ್ದಳು.

"ಇದೇನ ತಂಗಿ, ವೇಷ ಒಂದು, ದೇಹ ಇನ್ನೊಂದು?"

"ಸರ್ ಭಾಳ ಜೋರ ಹೇಳ್ತಾರ್ರಿ ಅಜ್ಜಾರ. ಸ್ಪೆಲಿಂಗ ಹೊಂದಿಸಕೋತ ಕುಂತ್ರ ಮುಂದಿನ ಸಾಲು ಹಾರಿಹೋಗತೈತಿ. ಕಿವಿಗಿ ಬಿದ್ದದ್ದನ್ನ ಹಿಂಗ ಹಿಡಕೊಂಡು, ಮನ್ಯಾಗ ಇಂಗ್ಲೀಷಿನ್ಯಾಗ ಬರಕೋತೀನ್ರಿ."

ಮುಳುಗುವವಳು ತಾನಾಗಿ ಕಟ್ಟಿಕೊಂಡ ತೆಪ್ಪ ಅದು. ನನಗೆ ಕಂಡದ್ದು ಲಿಪಿಗಾದ ಅಪಚಾರ ಮಾತ್ರ. "ಇಲ್ಲೇ ಬಿಟ್ಟು ಹೋಗು, ತಿದ್ದಿ ಕೊಡತೀನಿ" ಎಂದೆ. ಬೇಡವೆನ್ನುವ ಧೈರ್ಯ ಅವಳಿಗೆಲ್ಲಿ ಬರಬೇಕು?

ಪ್ರತಿದಿನ ಇಷ್ಟಲಿಂಗ ಪೂಜೆ ಮುಗಿಸಿ, ಕನ್ನಡಕ ಏರಿಸಿ, ನಿಘಂಟು ತೆರೆದು ಕೂರುತ್ತಿದ್ದೆ. ಅವಳ ಒಂದೊಂದು ಸಾಲನ್ನೂ ಕೆಂಪು ಶಾಯಿಯಿಂದ ಹೊಡೆದುಹಾಕಿ, ಮೇಲೆ ಶುದ್ಧ ಕನ್ನಡದಲ್ಲಿ 'ಜೀವಕೋಶವು ಜೀವದ ಮೂಲ ಘಟಕ' ಎಂಬಂತೆ ಬರೆದೆ. ಅದೂ ಒಂದು ಪೂಜೆಯೆಂದೇ ನಂಬಿದ್ದೆ. ಎರಡು ಸಲ ಅವಳು ಬಂದು ಬಾಗಿಲಲ್ಲಿ ನಿಂತಳು. "ಇನ್ನಾ ನಾಕ ಹಾಳಿ ಐತಿ, ಅವಸರ ಬ್ಯಾಡ" ಎಂದು ಕಳಿಸಿದೆ. ಪರೀಕ್ಷೆಯ ಹಿಂದಿನ ದಿನ ನೋಟುಬುಕ್ಕು ಕೊಟ್ಟು, ಹಣೆಗೆ ವಿಭೂತಿ ಹಚ್ಚಿದೆ. ಹಾಳೆ ತಿರುವಿದಳು. ಮುಖ ಬಿಳಿಚಿತು. ಭಕ್ತಿಯೆಂದುಕೊಂಡೆ. ಕಾಲಿಗೆರಗಿ ಹೋದಳು.

ಫಲಿತಾಂಶ ಬಂದ ಮೇಲೆ ಒಂದು ಸಂಜೆ ಬಂದವಳು ಕಟ್ಟೆಯ ತುದಿಯಲ್ಲಿ ಕುಳಿತಳು.

"ಜೀವಶಾಸ್ತ್ರ ಹೋತ್ರಿ ಅಜ್ಜಾರ."

"ಹೋತು ಅನಬಾರದವ್ವಾ. ವಿದ್ಯಾಕ್ಕ ಆ ಮಾತು ಸಲ್ಲ. ಉಳದೈತಿ ಅನ್ನಬೇಕು" ಎಂದೆ. ಅಷ್ಟಕ್ಕೇ ನಿಲ್ಲಿಸದೆ, ದೀಪ ಆರಿತೆನ್ನದೆ ಶಾಂತವಾಯಿತೆನ್ನುವ, ಅಕ್ಕಿ ತೀರಿತೆನ್ನದೆ ಹೆಚ್ಚಾಯಿತೆನ್ನುವ ನಮ್ಮ ಹಿರಿಯರ ನಡೆಯನ್ನು ಸಾವಕಾಶವಾಗಿ ವಿವರಿಸಿದೆ. ಅವಳು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಬಸ್ಸಿನ ಹೊತ್ತಾಯಿತು.

"ಹೋಗ್ತೀನ್ರಿ" ಎಂದು ಎದ್ದಳು.

"ಬರ್ತೀನಿ ಅನ್ನಬೇಕ ತಂಗಿ."

ಅವಳು ಅನ್ನಲಿಲ್ಲ.

ಮತ್ತೆ ಅವಳು ನಮ್ಮ ಕಟ್ಟೆಗೆ ಬರಲಿಲ್ಲ. ಎರಡು ತಿಂಗಳ ಮೇಲೆ ಗೃಹಪ್ರವೇಶವೊಂದಕ್ಕೆ ಮೂಡಲಗಿಗೆ ಹೋದವನು ಶಿಷ್ಯನ ಅಂಗಡಿ ಹೊಕ್ಕೆ. ಮಗಳು ಒಳಗೆ ಕುಳಿತು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು.

"ಕಾಲೇಜ?" ಎಂದು ಕೇಳಿದೆ.

"ಬಿಡಸೇನ್ರಿ ಗುರುಗಳ" ಎಂದ ಶಿಷ್ಯ. "ಅಂಗಡಿಗಿ ಬಂದವರೆಲ್ಲಾ, 'ಮಗಳಿಗಿ ಎಷ್ಟ ಬಿದ್ದಾವ? ಊರಿಗಿ ಮೊದಲನೇ ನಂಬರ ಅಲ್ಲೇನ?' ಅಂತ ಚೇಷ್ಟಿ ಮಾಡಾಕತ್ರು. ನನಗ ದಿಕ್ಕ ತಿಳೀಲಿಲ್ಲ. ಗುರುಗಳನ್ನ ಕೇಳ್ಕೊಂಡು ಬಾ, ಅವರು ಹ್ಞೂಂ ಅಂದ್ರ ಮತ್ತ ಪರೀಕ್ಷಾಕ್ಕ ಕುಂದರಸ್ತೀನಿ ಅಂತ ಕಳಿಸಿದ್ನಿ."

"ನನ್ನನ್ನ ಕೇಳಾಕ?"

"ಹೌದ್ರಿ. ಅಜ್ಜಾರು ಏನೂ ಅನ್ನಲಿಲ್ಲ ಅಂದ್ಲು. ನೀವು ಸುಮ್ನಿದ್ರಿ ಅಂದ್ರ ಅದರಾಗೂ ಒಂದ ಅರ್ಥ ಇರತೈತಿ ಅಂತ ನಾನೂ ಸುಮ್ನಾದ್ನಿ."

ಮರುಪರೀಕ್ಷೆಯ ಅರ್ಜಿಯ ಗಡುವು ಮುಗಿದಿತ್ತು. ಬರುವ ವರ್ಷ ನೋಡೋಣವೆಂದೆ. ತಂದೆ ತಲೆಯಾಡಿಸಿದ, ಗುರುವಿನ ಮಾತಿಗೆ ತಲೆಯಾಡಿಸಬೇಕೆಂದು. ಮಗಳು ತಲೆ ಎತ್ತಲಿಲ್ಲ. ಅವಳ ಪಕ್ಕದ ಹಲಗೆಯ ಮೇಲೆ ಆ ನೋಟುಬುಕ್ಕು ಬಿದ್ದಿತ್ತು. ಗಿರಾಕಿಗಳ ಅಳತೆಗಳನ್ನು ಅದರ ಹಿಂಬದಿಯ ಖಾಲಿ ಪುಟಗಳಲ್ಲಿ ಬರೆದಿಡುತ್ತಿದ್ದಳು: 'ಚೆಸ್ಟ್', 'ಶೋಲ್ಡರ್', 'ಸ್ಲೀವ್' ಎಂದು, ಇಂಗ್ಲಿಷಿನ ಮಾತು, ಕನ್ನಡದ ಮುದ್ದಾದ ಅಕ್ಷರ. ಈ ಸಲ ತಿದ್ದಲು ನನಗೆ ಕೈ ಬರಲಿಲ್ಲ.

ಹೊರಡುವಾಗ, "ಬರ್ತೀನವ್ವಾ" ಎಂದೆ.

ಅವಳು ಎದ್ದು ಕಾಲಿಗೆರಗಿ, "ಹೋಗಿ ಬರ್ರಿ ಅಜ್ಜಾರ" ಎಂದಳು. ಆ ಮಾತಿನಲ್ಲಿ ಹುಡುಕಿದರೂ ಒಂದು ತಪ್ಪಿರಲಿಲ್ಲ.