ಅಚೀವ್ ಆಗದ ಮುನಿಯಕ್ಕ

ಕಳೆದ ತಿಂಗಳು ನಾನು ಒಂದೇ ಹಾಳೆಯಲ್ಲಿ ಹನ್ನೊಂದು ಸಲ ಗುರಿ ಮುಟ್ಟಿದೆ. ಬಿ.ಡಿ.ಓ. ಸಾಹೇಬರಿಗೆ ಅದು ಹಿಡಿಸಲಿಲ್ಲ.

ನಾನು ಅವರ ಬ್ಲಾಕ್ ಡೆವಲಪ್‌ಮೆಂಟ್ ಆಫೀಸಿನಲ್ಲಿ ಗುಮಾಸ್ತ. (ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಕೆಲಸ ಇನ್ನೂ ಖಾಯಂ ಆಗಿಲ್ಲ.) ರಾಜ್ಯದ ಹೆಸರು ಕರ್ನಾಟಕವಾದರೂ ನಮ್ಮ ಪ್ರಗತಿ ವರದಿ ಇಂಗ್ಲಿಷಿನಲ್ಲೇ ಉಳಿದಿದೆ. ಗೊಬ್ಬರದ ಗುಂಡಿ: ಟಾರ್ಗೆಟ್ ಅಚೀವ್ಡ್. ಹೊಗೆಯಿಲ್ಲದ ಒಲೆ: ಟಾರ್ಗೆಟ್ ಅಚೀವ್ಡ್. ಕೋಳಿ ಸಾಕಣೆ: ಅದೂ ಅಚೀವ್ಡ್.

ಸಾಹೇಬರು ಕರೆಸಿದರು.

"ಏನ್ರೀ ಇದು? ಎಲ್ಲಾ ಸಾಲಲ್ಲೂ ಅಚೀವ್ಡ್, ಅಚೀವ್ಡ್! ಇಂಗ್ಲಿಷಲ್ಲಿ ಬೇರೆ ಪದ ಇಲ್ವೇನ್ರೀ? ಬೆಂಗಳೂರಲ್ಲಿ ಓದೋರು ಏನಂದ್ಕೋತಾರೆ?"

ಹಾಳೆಯ ಕೆಳಗೆ ಒಂದು ಕೆಂಪು ಸುತ್ತೂ ಇತ್ತು. ವಯಸ್ಕರ ಶಿಕ್ಷಣ, ಹೆಂಗಸರ ತರಗತಿ: ಟಾರ್ಗೆಟ್ ಮೂವತ್ತು, ಅಚೀವ್ಡ್ ಇಪ್ಪತ್ತೊಂಬತ್ತು.

"ಈ ಒಬ್ಬಳು ಯಾಕೆ ಆಗ್ಲಿಲ್ಲ? ವಿಚಾರಿಸಿ ಬರೀರಿ."

ಪದಗಳಿಗಾಗಿ ಬೂದಿಗೆರೆಗೆ ಹೋದೆ. ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು ರಿಟೈರಾಗಿ ಅಲ್ಲೇ ಇದ್ದಾರೆ. ನಾಲ್ಕೈದು ಪದ ಬರೆದುಕೊಂಡು ಕಾಫಿ ಕುಡಿದು ಬಂದುಬಿಡಬಹುದು ಎಂದುಕೊಂಡಿದ್ದೆ. ಮೇಷ್ಟ್ರು ಎಲ್ಲಿ ಬಿಡುತ್ತಾರೆ?

"ಪದ ಆಮೇಲೆ. ಏನಾಯ್ತು ಅಂತ ಮೊದ್ಲು ಹೇಳು. ಒಲೆ ಹಾಕಿದ್ರಾ?"

"ಹಾಕಿದ್ವಿ ಸಾರ್."

"ಹಾಗಾದ್ರೆ ಅಕಾಂಪ್ಲಿಶ್ ಅಂತ ಬರಿ. ಕೈಗೆತ್ಕೊಂಡ ಕೆಲ್ಸ ಮುಗೀತು ಅಂತ. ಅದ್ರಲ್ಲಿ ಅಡುಗೆ ಮಾಡ್ತಾರಾ?"

"ಗೊತ್ತಿಲ್ಲ ಸಾರ್."

"ಫುಲ್‌ಫಿಲ್ ಅಂದ್ರೆ ಕೊಟ್ಟ ಮಾತು ನಡೆಸಿದ್ದು. ಯಾರಿಗಾದ್ರೂ ಮಾತು ಕೊಟ್ಟಿದ್ರಾ?"

ನಾನು ಕಾಫಿ ಕುಡಿದೆ.

"ಅಟೇನ್ ಅಂದ್ರೆ ಮೇಲಿರೋದನ್ನ ಹೋಗಿ ಮುಟ್ಟೋದು. ಅಚೀವ್ ಅಂದ್ರೆ ಕಷ್ಟಪಟ್ಟು ಪಡ್ಕೊಂಡಿದ್ದು. ನಿನ್ನ ವರದೀಲಿ ಕಷ್ಟಪಟ್ಟೋರು ಯಾರಯ್ಯಾ?"

ನೋಡಿದಿರಾ ಈ ಇಂಗ್ಲಿಷಿನ ಕಷ್ಟವನ್ನು? ನಮಗೆ 'ಸಾಧಿಸು' ಎಂಬುದೊಂದಿದೆ, ಎಲ್ಲಕ್ಕೂ ಆಗುತ್ತದೆ. ಗುರಿ ಸಾಧಿಸಬಹುದು, ಹಠ ಸಾಧಿಸಬಹುದು, ಹಗೆಯನ್ನೂ ಸಾಧಿಸಬಹುದು. (ನಮ್ಮ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಕೊನೆಯ ಎರಡು.) ಇಂಗ್ಲಿಷಿನಲ್ಲಿ ಹಾಗಲ್ಲ. ಪದ ಹಾಕುವ ಮೊದಲು ಹೋಗಿ ನೋಡಿ ಬರಬೇಕು.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು, ಇಳಿದ ಮೇಲೆ ಎರಡು ಮೈಲಿ ನಡೆದು, ಆ ಕೆಂಪು ಸುತ್ತಿನೊಳಗಿದ್ದ ಹೆಂಗಸಿನ ಮನೆಗೆ ಹೋದೆ. ಹೆಸರು ಮುನಿಯಕ್ಕ. ಐವತ್ತರ ಆಸುಪಾಸು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆಫೀಸಿನಿಂದ ಬಂದಿದ್ದೇನೆ ಎಂದ ತಕ್ಷಣ ಮೊರ ಪಕ್ಕಕ್ಕಿಟ್ಟರು.

"ಪರೀಕ್ಷೆ ದಿವ್ಸ ನೀವು ಸಹಿ ಹಾಕ್ಲಿಲ್ವಂತೆ. ಬರೆಯೋಕೆ ಬರ್ಲಿಲ್ವಾ ಅಕ್ಕಾ?"

"ಬರ್ದೆ ಏನಪ್ಪಾ?" ಒಳಗಿನಿಂದ ಸ್ಲೇಟು ತಂದು ತಮ್ಮ ಹೆಸರು ಬರೆದು ತೋರಿಸಿದರು. 'ಯ'ಗೆ ಸ್ವಲ್ಪ ಹೊಟ್ಟೆ ದೊಡ್ಡದಾಗಿತ್ತು. ಅದು ಬಿಟ್ಟರೆ ನನ್ನ ಸಹಿಗಿಂತ ಚೆನ್ನಾಗಿತ್ತು.

"ಮತ್ತೆ ಯಾಕೆ ಹಾಕ್ಲಿಲ್ಲ?"

"ಓದ್ತಾ ಇದ್ದೆ ಕಣಪ್ಪಾ. ಜೀಪಲ್ಲಿ ಬಂದೋರು ಕಾಗ್ದ ಕೊಟ್ಟು, ಇಲ್ಲಿ ಹೆಸರು ಬರೀರಿ, ಇದೇ ಪರೀಕ್ಷೆ ಅಂದ್ರು. ಎಲ್ರೂ ಬರುದ್ರು. ನಾನು ಓದಿ ಹಾಕ್ತೀನಿ ಸೋಮಿ ಅಂದೆ. ಓದೋದೇನೂ ಬ್ಯಾಡ, ಹೊತ್ತಾಯ್ತು ಅಂದ್ರು. ನಾನು ಮೂರ್ನೇ ಸಾಲಿಗೆ ಬರೋ ಹೊತ್ಗೆ ಕಾಗ್ದ ಕಿತ್ಕೊಂಡು ಹೊಂಟೋದ್ರು."

ಓದು ಕಲಿತವರ ಪರೀಕ್ಷೆ. ಅದರಲ್ಲಿ ಓದಿದ್ದಕ್ಕೆ ಫೇಲು.

ಇಷ್ಟು ಹಠ ಯಾಕೆ ಎಂದು ಕೇಳಿದೆ. ಮುನಿಯಕ್ಕ ತಮ್ಮ ಎಡಗೈ ಹೆಬ್ಬೆರಳನ್ನು ನೋಡಿಕೊಂಡರು.

"ನಮ್ಮೆಜಮಾನ್ರು ತೀರ್ಕಂಡ ಹನ್ನೊಂದ್ನೇ ದಿನ ಮೈದ ಒಂದು ಕಾಗ್ದ ತಂದ. ತಿಥಿ ಸಾಮಾನಿನ ಚೀಟಿ ಅತ್ಗೆ, ಒತ್ತು ಅಂದ. ಒತ್ತುದೆ. ಬಾವೀಲಿ ನಮ್ಮ ಪಾಲು ಅವ್ನಿಗೆ ಬಿಟ್ಕೊಟ್ಟೆ ಅಂತ ಅದ್ರಲ್ಲಿ ಬರ್ದಿತ್ತಂತೆ. ಆರು ತಿಂಗ್ಳಾದ್ಮೇಲೆ ಗೊತ್ತಾಯ್ತು. ನಮ್ಮೋರು ತೋಡಿದ್ ಬಾವಿ ಕಣಪ್ಪಾ. ಈಗ ಅದ್ರಲ್ಲಿ ನೀರು ಸೇದ್ಬೇಕಂದ್ರೆ ಮೈದನ್ನ ಕೇಳ್ಬೇಕು."

ಅಳಲಿಲ್ಲ. ಅವರೆಕಾಯಿಯ ಮೊರ ಮತ್ತೆ ಎಳೆದುಕೊಂಡರು.

ಪರೀಕ್ಷೆಯ ಆ ಕಾಗದದಲ್ಲಿ ಎಷ್ಟು ಓದಿದ್ದರು ಎಂದು ಕೇಳಿದೆ. ಓದು ಬರಹ ಕಲಿತೆ, ಸ್ಲೇಟು ಮುಟ್ಟಿತು ಎಂಬುದು ಮೊದಲ ಎರಡು ಸಾಲು. ಮೂರನೆಯದು, ಒಂದು ಪುಸ್ತಕ ಮುಟ್ಟಿತು.

"ಪುಸ್ತಕ ಎಲ್ಲಿ ಕೊಟ್ರಿ ನಮ್ಗೆ?" ಎಂದರು ಮುನಿಯಕ್ಕ. "ಗೋಡೆ ಮೇಲಿನ ಬೀಡಿ ಜಾಹೀರಾತು ನೋಡ್ಕಂಡು ಕಲ್ತಿದ್ದು ನಾವು."

ಆ ಕಾಗದವನ್ನು ಸ್ಟೆನ್ಸಿಲ್ ಮೇಲೆ ಬರೆದು ಪ್ರತಿ ತೆಗೆದವನು ನಾನೇ. ಹೋದ ವರ್ಷದ ಮಾದರಿ ಎದುರಿಗಿಟ್ಟುಕೊಂಡು ನಕಲು ಮಾಡಿದ್ದೆ. ಓದಿರಲಿಲ್ಲ.

ಸೋಮವಾರ ಸ್ಟೋರ್ ರೂಮಿನಲ್ಲಿ ಹುಡುಕಿದೆ. ಫಿನಾಯಿಲ್ ಡಬ್ಬಗಳ ಹಿಂದೆ ಪುಸ್ತಕದ ಕಟ್ಟುಗಳು ಹುರಿ ಬಿಚ್ಚದೆ ಕೂತಿದ್ದವು. ಯಾರೂ ಕದ್ದಿರಲಿಲ್ಲ, ಯಾರೂ ಮುಚ್ಚಿಟ್ಟಿರಲಿಲ್ಲ. ಹಂಚಿ ಎಂದು ಮೇಲಿನಿಂದ ಬಂದಿದ್ದ ಆರ್ಡರನ್ನು ಫೈಲಿಗೆ ಸೇರಿಸಿದ್ದೆವು, ಅಷ್ಟೆ. (ಸೇರಿಸಿದವನು ಯಾರು ಎಂದು ಕೇಳಬೇಡಿ.)

ಮುಂದಿನ ಭಾನುವಾರ ಮೂವತ್ತು ಪುಸ್ತಕ, ಜೊತೆಗೆ ಮುನಿಯಕ್ಕ ಸಹಿ ಹಾಕದೆ ಉಳಿದಿದ್ದ ಪರೀಕ್ಷೆಯ ಕಾಗದ ಹೊತ್ತುಕೊಂಡು ಹೋದೆ. ಶಾಲೆಯ ಜಗಲಿಯಲ್ಲಿ ಹೆಂಗಸರೆಲ್ಲ ಸೇರಿದರು. ಮುನಿಯಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಕಾಗದವನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಲು ಶುರು ಮಾಡಿದರು. ಒಂದೊಂದು ಅಕ್ಷರಕ್ಕೂ ಬೆರಳು. ಒತ್ತಕ್ಷರ ಬಂದಾಗ ನಿಲ್ಲುತ್ತಿದ್ದರು, ಉಸಿರು ತೆಗೆದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಐದು ಸಾಲಿಗೆ ಕಾಲು ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ಹೇಳಿಕೊಡೋಣ ಎಂದು ನನಗೆ ಎರಡು ಸಲ ಬಾಯಿಗೆ ಬಂತು, ತಡೆದುಕೊಂಡೆ.

ಓದಿ ಮುಗಿಸಿ, "ಈಗ ಸರಿಯಾಗೈತೆ" ಎಂದು ಸಹಿ ಹಾಕಿದರು.

ಆಗ ಹಿಂದಿನಿಂದ ಒಬ್ಬಳು ಎದ್ದು ನಿಂತಳು. "ಅಣ್ಣಾ, ನಾವು ಅವತ್ತು ಹಾಕಿದ್ವಲ್ಲ, ಆ ಕಾಗ್ದ ಒಂದ್ಸಲಿ ತಂದ್ಕೊಡ್ತೀಯಾ? ನಾವೂ ನೋಡ್ಬೇಕು."

ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಮಾರನೆಯ ವಾರ ಇಪ್ಪತ್ತೊಂಬತ್ತೂ ಕಾಗದ ಒಯ್ದು ತೋರಿಸಿದೆ. (ಫುಲ್‌ಫಿಲ್. ಮೇಷ್ಟ್ರು ಒಪ್ಪುತ್ತಾರೆಂದು ನಂಬಿದ್ದೇನೆ.) ಮುನಿಯಕ್ಕನ ಬಾವಿ ಮಾತ್ರ ಇನ್ನೂ ಮೈದನ ಹತ್ತಿರವೇ ಇದೆ. ಅವರು ತಾಲ್ಲೂಕು ಕಛೇರಿಗೆ ಕೊಡಲು ಅರ್ಜಿ ಬರೆಯುತ್ತಿದ್ದಾರೆ. ಬರೆದುಕೊಡುತ್ತೇನೆ ಎಂದೆ, ಬೇಡ ಎಂದರು. ಇಲ್ಲಿಯವರೆಗೆ ಅರ್ಧ ಹಾಳೆ ಆಗಿದೆ.

ವರದಿಯನ್ನು ಹೊಸದಾಗಿ ಟೈಪ್ ಮಾಡಿದೆ. ಗೊಬ್ಬರದ ಗುಂಡಿ ರೀಚ್ಡ್, ಒಲೆ ಅಕಾಂಪ್ಲಿಶ್ಡ್, ಕೋಳಿ ಅಟೇನ್ಡ್. ವಯಸ್ಕರ ಶಿಕ್ಷಣದ ಮುಂದೆ ಮಾತ್ರ ಹಳೆಯ ಅಚೀವ್ಡ್ ಅನ್ನೇ ಉಳಿಸಿದೆ. ಅದರೆದುರಿಗೆ, "ಸಹಿ ಹಾಕಿದವರು ಮೂವತ್ತು, ಓದಿ ಹಾಕಿದವರು ಒಬ್ಬರು, ಪುಸ್ತಕಗಳು ನಮ್ಮ ಸ್ಟೋರಿನಲ್ಲೇ ಇದ್ದವು" ಎಂದು ಷರಾ ಬರೆದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೆ.

ಸಾಹೇಬರು ಕ್ರಿಯಾಪದಗಳ ಮೇಲೆ ಪೆನ್ಸಿಲ್ ಆಡಿಸಿದರು. "ನೋಡಿ, ಈಗ ಎಷ್ಟು ಚೆನ್ನಾಗಿದೆ!" ಎಂದು ಸಹಿ ಹಾಕಿ ಬೆಂಗಳೂರಿಗೆ ಕಳಿಸಿದರು.

ಮೊನ್ನೆ ಬೆಂಗಳೂರಿನಿಂದ ಪತ್ರ ಬಂದಿದೆ. ವರದಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದಾರಂತೆ, ನಮ್ಮ ಸಾಧನೆಯನ್ನು ಮೆಚ್ಚಿದ್ದಾರಂತೆ. ನನ್ನ ಷರಾ ಬಗ್ಗೆ ಒಂದಕ್ಷರವೂ ಇಲ್ಲ.

ಮುನಿಯಕ್ಕನನ್ನು ಬೆಂಗಳೂರಿಗೆ ವರ್ಗ ಮಾಡಿಸಲು ಯಾರಿಗೆ ಅರ್ಜಿ ಹಾಕಬೇಕು?