ಡಾಕ್ಟರರ ಹಳೆ ಕಾರಿನ ಸುಟ್ಟ ವಾಸನೆ

ಬಾನೆಟ್ ಎತ್ತುವ ಮೊದಲೇ, ಬರೀ ಮೂಗಿನಿಂದ ಎಂಜಿನ್ನಿನ ರೋಗ ಹೇಳುತ್ತೇನೆ ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ನೈರೋಬಿಯ ಮೆಕ್ಯಾನಿಕ್‌ಗಳಲ್ಲಿ ಇಂಥ ಮೂಗು ಇರುವುದು ಕನ್ನಡಿಗನಾದ ನನಗೊಬ್ಬನಿಗೇ.

ಊರಂಚಿನ ಕರೆನ್ ಬಡಾವಣೆಯಲ್ಲಿರುವ ಮೈಸೂರಿನ ಹಿರಿಯ ಡಾಕ್ಟರೊಬ್ಬರು, ಹಳೆ ಕಾರಿನ ಕೆಳಗೆ ಎಣ್ಣೆ ಬೀಳುತ್ತಿದೆ ಎಂದು ಕರೆಸಿದ್ದರು. ಎಂಜಿನ್ ಓಡುತ್ತಿತ್ತು. ಗೇಟಿನಲ್ಲೇ ವಾಸನೆ ಹಿಡಿದೆ. ಎಂಜಿನ್ ತಂಪಾಗಿಡುವ ಕೂಲೆಂಟ್ ಸೋರಿದ್ದರೆ ಪಾಕದಂಥ ಸಿಹಿ ವಾಸನೆ ಬರುತ್ತದೆ. ಇದು ಸೀದ ಎಣ್ಣೆಯ ಕಮಟು. ಎಂಜಿನ್ನಿನ ಮೇಲುಮುಚ್ಚಳದಿಂದ ಜಿನುಗಿದ ಎಣ್ಣೆ ಕಾದ ಪೈಪಿನ ಮೇಲೆ ಬಿದ್ದು ಸುಡುತ್ತಿತ್ತು. ವಾಸನೆಯಲ್ಲೇ ಗೊತ್ತಾಯಿತು ಎಂದೆ.

"ವಾಸನೆಯಾ? ಎಲ್ಲಿ?" ಅಂದರು ಡಾಕ್ಟರು, ಹೊಗೆಯ ಮೇಲೆಯೇ ಬಗ್ಗಿ.

"ಏನ್ ಸಾರ್, ಮೂಗಿಗೆ ರಜಾ ಕೊಟ್ಟಿದ್ದೀರಾ?" ಎಂದು ನಕ್ಕೆ.

ಅವರು ನಗಲಿಲ್ಲ. "ವಾಸನೆ ತಿಳಿಯದೆ ಬಹಳ ದಿನವಾಯ್ತು ಕಣಯ್ಯ. ಒಳಗಿರೋ ನನ್ನ ಹೆಂಡತಿಗೆ ಹೇಳಬೇಡ. ಕಾರು ಓಡಿಸೋದನ್ನೇ ಬಿಡಿಸಿಬಿಡ್ತಾಳೆ. ಕಾರಿಲ್ಲದೆ ಇಲ್ಲಿಂದ ಎಲ್ಲಿಗೆ ಹೋಗೋದು?"

ಮುಚ್ಚಳದ ಸಂದಿಗೆ ಹಾಕುವ ಗ್ಯಾಸ್ಕೆಟ್ ಬದಲಿಸಿದೆ, ಸೋರುವುದು ನಿಂತಿತು. ಆದರೆ ನನ್ನ ಬಾಯಿ ನಿಲ್ಲಲಿಲ್ಲ. "ಇವತ್ತು ಎಣ್ಣೆ ಸಾರ್. ನಾಳೆ ಪೆಟ್ರೋಲ್ ಸೋರಿದರೆ? ಪಕ್ಕದ ಸೀಟಿನಲ್ಲಿ ಅಮ್ಮನೋರು ಕೂತಿರ್ತಾರೆ. ನೀವು ಹೇಳ್ತೀರೋ, ನಾನು ಹೇಳಲೋ?"

ಡಾಕ್ಟರು ಕಾರಿನಿಂದ ಕೀಲಿ ತೆಗೆದುಕೊಂಡರು. ಆಮೇಲೆ ಒಳಗೆ ಹೋದರು. ಗಂಡ ಹೆಂಡತಿ ಮೆಲ್ಲಗೆ ಮಾತಾಡಿಕೊಳ್ಳುವುದು ಕೇಳಿಸಿತು. ಮೊದಲ ಸಲ, ನನ್ನ ಮೂಗು ಇಷ್ಟು ಚುರುಕಾಗಿರಬಾರದಿತ್ತು ಅನ್ನಿಸಿತು.

ಹೊರಗೆ ಬಂದ ಡಾಕ್ಟರು, "ಅಷ್ಟು ಒಳ್ಳೆ ಮೂಗಿದೆಯಲ್ಲ, ನಾನಿನ್ನು ಓಡಿಸೋದಿಲ್ಲ, ಭಾನುವಾರ ಪೇಟೆಗೆ ನಮ್ಮಿಬ್ಬರನ್ನು ನೀನೇ ಕರಕೊಂಡು ಹೋಗು" ಅಂದರು.

ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು.