ಹಿಲ್ಡಾ ಅಜ್ಜಿಯ ಬಕಧ್ಯಾನ

ಮಾರ್ಚ್ ಬಂತೆಂದರೆ ಮಿನ್ನೆಸೋಟದ ನಮ್ಮೂರ ಕೆರೆದಂಡೆಯ ಹಿಮದಲ್ಲಿ ಕುರ್ಚಿ ಹಾಕಿಕೊಂಡು ಹಿಲ್ಡಾ ಅಜ್ಜಿ ಬಕಧ್ಯಾನಕ್ಕೆ ಕೂರುತ್ತಾಳೆ. ಬಕ ಮೀನಿಗಾಗಿ ಮಾಡುವುದನ್ನು ಇವಳು ಬಕಕ್ಕಾಗಿ ಮಾಡುತ್ತಾಳೆ. ದುರ್ಬೀನು ಕಣ್ಣಿಗೆ, ಕಾಫಿ ಫ್ಲಾಸ್ಕು ತೊಡೆಗೆ, ಬೈಗುಳ ಪಟ್ಟಣಸಭೆಗೆ. ಒಣಮರಗಳ ಮೇಲಿನ ಗೂಡುಗಳು ಎರಡು ವಸಂತ ಖಾಲಿ ಬಿದ್ದಿವೆ. ಈ ಸಲವೂ ಅಜ್ಜಿ ಪಟ್ಟಣಸಭೆಗೆ ತುಂಬಿಕೊಡುವ ಹಕ್ಕಿ ಎಣಿಕೆಯ ಹಾಳೆಯಲ್ಲಿ 'ಇಲ್ಲ' ಎಂದು ಬಂದರೆ ಮರ ಕಡಿದು ದೋಣಿಕಟ್ಟೆ ಕಟ್ಟುತ್ತಾರೆ. ಎಣಿಕೆಯ ಕೊನೆಯ ದಿನ ಹಾಳೆ ಒಯ್ಯಲು ಬಂದ ಗುಮಾಸ್ತ ವೆಂಡೆಲ್, "ಅವು ಬೇರೆ ಕೆರೆ ನೋಡ್ಕೊಂಡಿವೆ ಅಜ್ಜಿ. 'ಇಲ್ಲ' ಅಂತ ಬರೆದು ಮನೆಗ್ ನಡೀರಿ," ಎಂದ. "ನಿಮ್ಮಪ್ಪ ಮದ್ವೆ ದಿನ ಚರ್ಚಿಗೆ ಎರಡು ಗಂಟೆ ತಡವಾಗಿ ಬಂದ. 'ವರ ಇಲ್ಲ' ಅಂತ ಪಾದ್ರಿ ಬರೆದುಬಿಟ್ಟಿದ್ರೆ ನೀನೆಲ್ಲಿರ್ತಿದ್ದೆ?" ಎಂದಳು ಅಜ್ಜಿ. ಸುಳ್ಳಿಗೊಂದು 'ಒಂದು' ಬರೆದಿದ್ದರೂ ಮರ ಉಳಿಯುತ್ತಿತ್ತು. ಆದರೆ ಮೂವತ್ತು ವರ್ಷದಲ್ಲಿ ಕಾಣದ ಹಕ್ಕಿಯನ್ನು ಅವಳು ಒಮ್ಮೆಯೂ ಬರೆದವಳಲ್ಲ. ಕೈಗವಸು ಕಳಚಿ, ಮರಗಟ್ಟಿದ ಬೆರಳಲ್ಲಿ 'ಇನ್ನೂ ಬಂದಿಲ್ಲ' ಎಂದು ದಪ್ಪಗೆ ಬರೆದುಕೊಟ್ಟು, "ನಾಳೆ ಹೊಸ ಹಾಳೆ ತಾ," ಎಂದಳು.